ಶುಕೂರನ ಶೆಡ್ಡಿನ ಏಡಿ ಕಾರು

ಬಿಡದಿಗೆ ಕಾರಿನ ಕಾರ್ಖಾನೆ ಬಂದ ಮೇಲೆ ರಾಮನಗರದ ಅರ್ಧ ಊರೇ ಬೆಳಗಿನ ರೈಲು ಹತ್ತುತ್ತಿತ್ತು. ಮೆಕ್ಯಾನಿಕ್ ಶುಕೂರ್ ಮಾತ್ರ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಅಪ್ಪ ರೇಷ್ಮೆ ನೂಲು ತೆಗೆಯುತ್ತಿದ್ದ ಶೆಡ್ಡಿನಲ್ಲೇ ಗ್ಯಾರೇಜು ಇಟ್ಟುಕೊಂಡು, ಕೆಲಸ ಇಲ್ಲದ ದಿನವೂ ಸ್ಪಾನರ್ ಒರೆಸುತ್ತ ಕೂರುತ್ತಿದ್ದ. ಕಾರ್ಖಾನೆಯಲ್ಲಿ ದಿನವಿಡೀ ಒಂದೇ ನಟ್ಟು ಬಿಗಿಯುವುದೂ ಒಂದು ಕೆಲಸವಾ ಎಂದು ಅವನ ತಕರಾರು. ಅದನ್ನು ಕೇಳಿ ಕೇಳಿ ಹೆಂಡತಿ ರೋಶನ್ ಬೀಗೆ ತಲೆ ಚಿಟ್ಟು ಹಿಡಿದಿತ್ತು. ಅವಳ ಅಣ್ಣ ಖಲಂದರ್ ಅದೇ ಕಾರ್ಖಾನೆಯಲ್ಲಿದ್ದ, ತಂಗಿಯ ಗಂಡನಿಗೂ ಒಂದು ಕೆಲಸ ಹೇಳಿಟ್ಟಿದ್ದ.

ಹೀಗಿರುವಾಗ ತಿಪ್ಪಸಂದ್ರ ಹಳ್ಳಿಯ ಅನಂತರಾಜು ತನ್ನ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ. ಎರಡೇ ಸೀಟಿನ ಕೆಂಪು ಕಾರು. ಹಿಂದಿನ ಗಟ್ಟಿ ಆಕ್ಸಲ್ ತೆಗೆಸಿ, ಎರಡು ಚಕ್ರವೂ ಬೇರೆ ಬೇರೆಯಾಗಿ ಆಡುವ ಸಸ್ಪೆನ್ಷನ್ ಹಾಕಿಸುವ ಹುಚ್ಚು ಅವನಿಗೆ. ಶುಕೂರ್ ಖುಷಿಯಿಂದ ಒಪ್ಪಿ ಹಾಕಿಯೂ ಕೊಟ್ಟ. ರಸ್ತೆಗೆ ಬಿಟ್ಟರೆ ಕಾರಿನ ಮೂತಿ ಮೈಸೂರಿನ ಕಡೆಗೆ, ಹಿಂಭಾಗ ಚರಂಡಿಯ ಕಡೆಗೆ!

"ಏನ್ ಶುಕೂರಣ್ಣ, ಕಾರು ಕೊಟ್ರೆ ಏಡಿ ಮಾಡ್ಬುಟ್ಯಲ್ಲ!" ಎಂದ ಅನಂತರಾಜು. "ಶುಕ್ರವಾರಕ್ಕೆ ನೆಟ್ಟಗೆ ಹೋಗ್ನಿಲ್ಲ ಅಂದ್ರೆ ಬೆಂಗ್ಳೂರ್ಗೆ ಎತ್ಕಂಡ್ ಹೋಯ್ತೀನಿ."

ರೋಶನ್ ಬೀ ಇದನ್ನೇ ಹಿಡಿದುಕೊಂಡಳು. "ಅದು ಹೋದ್ರೆ ಶೆಡ್ಡಿಗೆ ಬೀಗ. ಸೋಮವಾರ ನೀವು ಅಣ್ಣನ್ ಜೊತೆ ರೈಲು ಹತ್ಬೇಕು, ನೋಡಿ." ಶುಕೂರ್ ವೀರಾವೇಶದಲ್ಲಿ ಹೂಂ ಅಂದುಬಿಟ್ಟ.

ಆಮೇಲೆ ಶುರುವಾಯಿತು ಪರದಾಟ. ರೇಷ್ಮೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಹಿಂದಿನ ಎರಡೂ ಚಕ್ರಗಳನ್ನು ದಾರಕ್ಕೆ ಸರಿಯಾಗಿ ನೆಟ್ಟಗೆ ನಿಲ್ಲಿಸಿದ. ಕಾರು ಓರೆಗೇ ಹೋಯಿತು. ಬುಷ್ ಬದಲಿಸಿದ, ಸ್ಪ್ರಿಂಗ್ ಬದಲಿಸಿದ, ಮತ್ತೆ ಗುಂಡು ಇಳಿಬಿಟ್ಟ. ಮತ್ತೆ ಓರೆ. ಮೊದಲು ಬಿಡಿಭಾಗ ಕೊಟ್ಟ ಗುಜರಿಯವನನ್ನು ಬೈದ, ಆಮೇಲೆ ಮೈಸೂರು ರಸ್ತೆಯನ್ನು ಬೈದ, ಗುರುವಾರದ ಹೊತ್ತಿಗೆ ಇಡೀ ಇಂಗ್ಲೆಂಡನ್ನೇ ಬೈಯುತ್ತಿದ್ದ. ಅಪ್ಪನ ಶೆಡ್ಡಿಗೆ ಬೀಗ ಬೀಳುವುದನ್ನು ನೆನೆದರೆ ಮಾತ್ರ ಅಳುವೇ ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ರೋಶನ್ ಬೀ ಕಾರಿನ ಕೆಳಗೆ ಚೆಲ್ಲಿದ್ದ ಎಣ್ಣೆ ತೊಳೆಯಲು ಒಂದು ಬಕೆಟ್ ನೀರು ಹುಯ್ದಳು. ನೀರು ಎಡಗಡೆ ಚಕ್ರದಿಂದ ಬಲಗಡೆ ಚಕ್ರಕ್ಕೆ ಸರಸರನೆ ಹರಿದು ಮೋರಿ ಸೇರಿತು.

"ನೋಡಿದ್ಯಾ, ಒಂದ್ ತೊಟ್ಟು ನಿಲ್ಲಾಕಿಲ್ಲ," ಎಂದು ಶುಕೂರ್ ಅಂಥ ಸಂಕಟದಲ್ಲೂ ಬೀಗಿದ. "ಗೂಡು ಬೇಯ್ಸಿದ್ ನೀರು ಹರ್ದೋಗ್ಲಿ ಅಂತ ನಮ್ ಅಬ್ಬಾ ಖುದ್ದು ನಿಂತು ನೆಲಕ್ಕೆ ವಾಟ ಕೊಡ್ಸಿದ್..." ಅವನ ಕಣ್ಣು ನೀರಿನ ಜಾಡಿನಿಂದ ಚಕ್ರದ ಮೇಲೆ ಹೋಯಿತು.

ಇಳಿಜಾರಿನ ನೆಲದ ಮೇಲೆ ನಿಂತ ಕಾರಿನ ಚಕ್ರಗಳನ್ನು ಅವನು ದಾರ ನೋಡಿ ನೆಟ್ಟಗೆ ಮಾಡಿದ್ದ. ಸಮವಾದ ರಸ್ತೆಗೆ ಹೋದರೆ ಎರಡೂ ಒಂದೇ ಕಡೆಗೆ ವಾಲಿ ಕಾರಿನ ಹಿಂಭಾಗವನ್ನು ಪಕ್ಕಕ್ಕೆ ಎಳೆಯದೆ ಇನ್ನೇನು ಮಾಡಿಯಾವು? ಗಟ್ಟಿ ಆಕ್ಸಲ್ಲಿನ ಜೀಪು, ಅಂಬಾಸಡರ್‌ಗಳಿಗೆ ಈ ಗೋಜೇ ಇರಲಿಲ್ಲವಾದ್ದರಿಂದ ಇಷ್ಟು ವರ್ಷ ನೆಲದ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಗಂಡ ಹೆಂಡತಿ ಸೇರಿ ಕಾರನ್ನು ಪಕ್ಕದ ಗೋದಾಮಿನ ಸಿಮೆಂಟು ಅಂಗಳಕ್ಕೆ ತಳ್ಳಿದರು. ರೋಶನ್ ಬೀ ಒಂದು ಚೊಂಬು ನೀರು ಹುಯ್ದು ನೋಡಿದಳು, ಅದು ಯಾವ ಕಡೆಗೂ ಹರಿಯಲಿಲ್ಲ. ಅವಳು ದಾರ ಹಿಡಿದಳು, ಶುಕೂರ್ ಕಾರಿನಡಿ ಮಲಗಿ ನಟ್ಟು ಬಿಗಿದ. ನಡುವೆ ಇಬ್ಬರೂ ಒಂದಿಷ್ಟು ಜಗಳವಾಡಿದರು.

ಮಧ್ಯಾಹ್ನ ಅನಂತರಾಜು ಬಂದು ಕಾರು ಓಡಿಸಿ, ಸ್ಟೀರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದ. ಕಾರು ಗೆರೆ ಎಳೆದ ಹಾಗೆ ಹೋಯಿತು. "ಏನಾಗಿತ್ತು ಶುಕೂರಣ್ಣ?"

"ಕಾರ್ಗೇನೂ ಆಗಿರ್ನಿಲ್ಲ ರಾಜಣ್ಣ," ಶುಕೂರ್ ತಲೆ ಕೆರೆದುಕೊಂಡ. "ನನ್ ನೆಲವೇ ಓರೆ."

ಅನಂತರಾಜು ಹೊಟ್ಟೆ ಹಿಡಿದುಕೊಂಡು ನಕ್ಕು, ಕಾರು ತೆಗೆದುಕೊಂಡು ಹೋದ.

ಸಂಜೆ ಖಲಂದರ್ ಫೋನ್ ಮಾಡಿ, ಸೋಮವಾರ ಶುಕೂರ್ ಬರುತ್ತಾನಾ ಎಂದು ತಂಗಿಯನ್ನು ಕೇಳಿದ. ಶುಕೂರ್ ಅವಳ ಮುಖ ನೋಡಿದ. ಗೆದ್ದಿದ್ದೇನೋ ನಿಜ, ಆದರೆ ಶೆಡ್ಡಿನಲ್ಲಿ ಈಗ ರಿಪೇರಿಗೆ ಒಂದು ಸ್ಕೂಟರೂ ಇರಲಿಲ್ಲ.

"ಎಲ್ಲಿ ಬತ್ತಾರಣ್ಣ," ಎಂದಳು ರೋಶನ್ ಬೀ, ಬೆರಳಿಗೆ ಮೆತ್ತಿದ್ದ ಗ್ರೀಸನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ಇಲ್ಲಿ ಉಸಿರಾಡಕ್ಕೂ ಪುರುಸೊತ್ತಿಲ್ಲ ನಮ್ಗೆ."