ಆಚೆ ದಡಕ್ಕೆ ಹೋದ ಮಾಸ್ತಮ್ಮ

ಕುಮಟಾದಲ್ಲಿ ನಾನು ಕೆಲಸ ಮಾಡುವ ಕಣ್ಣಿನ ಆಸ್ಪತ್ರೆ ಚಿಕ್ಕದು. ಒಬ್ಬರೇ ಡಾಕ್ಟರು, ನಾನೂ ಸೇರಿ ಇಬ್ಬರು ನರ್ಸುಗಳು, ಮತ್ತೆ ಮಾಸ್ತಮ್ಮ. ಕಾಗದದಲ್ಲಿ ಮಾಸ್ತಮ್ಮ ಆಯಾ. ನೆಲ ಒರೆಸುವುದು, ಬಟ್ಟೆ ಕುದಿಸುವುದು, ರೋಗಿಯ ಕೈ ಹಿಡಿದು ಆಪರೇಶನ್ ಮೇಜಿನವರೆಗೆ ಕರೆತರುವುದು ಅವಳ ಕೆಲಸ. ಕರೆತಂದ ಮೇಲೆ ಹಿಡಿದ ಕೈಯನ್ನು ಬಿಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಬಿಡುತ್ತಲೂ ಇರಲಿಲ್ಲ.

ಪೊರೆ ತೆಗೆಯುವಾಗ ರೋಗಿಗೆ ಎಚ್ಚರವಿರುತ್ತದೆ. ಮುಖದ ಮೇಲೆ, ಒಂದು ಕಣ್ಣಿನಷ್ಟೇ ತೂತಿರುವ ಹಸಿರು ಬಟ್ಟೆ ಹಾಸುತ್ತೇವೆ. ಅದು ಮೂಗಿಗೆ ತಾಗಿದೊಡನೆ ಎಂಥ ಗಟ್ಟಿಗರೂ ಹೆದರಿ ತಲೆ ಅಲ್ಲಾಡಿಸುತ್ತಾರೆ. ಆಗ ಮಾಸ್ತಮ್ಮ ಸ್ಟೂಲಿನಲ್ಲಿ ಕೂತು, ಅವರ ಅಂಗೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು ಮಾತಾಡುತ್ತಾಳೆ. "ಬಂಗಡೆ ಬಂತನಾ ನಿಮ್ಮ ಬದಿಗೆ? ಸೊಸೆ ಎಂತ ಸಾರು ಮಾಡ್ತದೆ?" ಹಿಂದೆ ಭಟ್ಕಳದ ಪೇಟೆಯಲ್ಲಿ ಒಣಮೀನು ಮಾರುತ್ತಿದ್ದವಳಾದ್ದರಿಂದ ಅಲ್ಲಿಯ ಮುಸ್ಲಿಮರ ನವಾಯತಿ ಮಾತೂ ಸ್ವಲ್ಪ ಬರುತ್ತದೆ, ಕೊಂಕಣಿಯಂತೂ ನೀರು ಕುಡಿದಷ್ಟು ಸುಲಭ. ಮಾತು ಮುಗಿಯುವುದರೊಳಗೆ ಆಪರೇಶನ್ನೂ ಮುಗಿದಿರುತ್ತದೆ.

ನಮ್ಮ ಡಾಕ್ಟರು ಪ್ರಿಯಂವದಾ, ಕತಗಾಲದವರು. ಅವರಿಗೆ ಪರಿಚಯದ ವೈದ್ಯರ ತಂಡವೊಂದು ವರ್ಷಕ್ಕೊಮ್ಮೆ ಟಾಂಜಾನಿಯಾಕ್ಕೆ ಹೋಗಿ, ದೊಡ್ಡ ಸರೋವರದ ದ್ವೀಪಗಳಲ್ಲಿ ಹತ್ತು ದಿನ ಉಚಿತವಾಗಿ ಪೊರೆ ತೆಗೆದು ಬರುತ್ತದೆ. ಹೋದ ವರ್ಷ ಅವರಿಗೂ ಕರೆ ಬಂತು. ಜೊತೆಗೆ ಇಬ್ಬರನ್ನು ತರಬಹುದು ಎಂದಿದ್ದರು. ಒಬ್ಬಳು ನಾನು. ಇನ್ನೊಬ್ಬರು ಯಾರೆಂದು ಕೇಳಿದಾಗ ಡಾಕ್ಟರು ಬಟ್ಟೆ ಮಡಚುತ್ತಿದ್ದ ಮಾಸ್ತಮ್ಮನ ಕಡೆ ನೋಡಿದರು.

"ನಂಗೆ ಅಲ್ಲಿ ಎಂತ ಕೆಲ್ಸ ಡಾಕ್ಟ್ರಮ್ಮ? ನೆಲ ಒರ್ಸೂಕೆ ಆಫ್ರಿಕಾದ ತನಕ ಹೋಗೂದಾ?"

"ಕೈ ಹಿಡಿಯೂಕೆ," ಎಂದರು ಡಾಕ್ಟರು. "ರೋಗಿ ಅಲುಗಿದ್ರೆ ನನ್ನ ಕೈ ಎಷ್ಟು ಒಳ್ಳೇದಿದ್ರೂ ಉಪಯೋಗ ಇಲ್ಲ."

ಐವತ್ತೈದು ವರ್ಷದ ಮಾಸ್ತಮ್ಮ ಅಲ್ಲಿಯವರೆಗೆ ದಕ್ಷಿಣಕ್ಕೆ ಭಟ್ಕಳ, ಉತ್ತರಕ್ಕೆ ಕಾರವಾರ ದಾಟಿದವಳಲ್ಲ. ಪಾಸ್‌ಪೋರ್ಟಿಗೆ ಹೋದಾಗ ಯಂತ್ರಕ್ಕೆ ಅವಳ ಬೆರಳಚ್ಚು ಸಿಗಲೇ ಇಲ್ಲ. ಹದಿನೈದು ವರ್ಷ ಉಪ್ಪುಮೀನು, ಆಮೇಲೆ ಇಪ್ಪತ್ತು ವರ್ಷ ಆಸ್ಪತ್ರೆಯ ಸೋಪಿನ ನೀರು, ಗೆರೆಗಳೆಲ್ಲ ಸವೆದಿದ್ದವು. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಲ್ಲಿ ಅವಳ ಬೆರಳನ್ನು ಒರೆಸಿ, ಒತ್ತಿ, ಮತ್ತೆ ಒರೆಸಿ, ಅರ್ಧ ಗಂಟೆ ಪ್ರಯತ್ನ ಮಾಡಿದಳು. ಕೊನೆಗೆ ಹೇಗೋ ಆಯಿತು. ಹಳದಿ ಜ್ವರದ ಚುಚ್ಚುಮದ್ದಿಗೆ ಗೋವಾಕ್ಕೆ ಹೋಗಿ ಬಂದದ್ದೂ ಆಯಿತು.

ಅವಳ ಗಂಡ ಶಿವ ಹೊನ್ನಾವರದ ಕಾಸರಕೋಡಿನಲ್ಲಿ ಬೋಟಿನ ಕೆಲಸ ಮಾಡಿದವನು. ಈಗ ಬೆನ್ನು ನೋವು, ಮನೆಯೆದುರು ಬಲೆ ಸರಿಮಾಡುತ್ತ ಕೂರುತ್ತಾನೆ. ಸುದ್ದಿ ಕೇಳಿ ಎರಡು ದಿನ ಬಲೆಯಿಂದ ತಲೆಯೆತ್ತಲಿಲ್ಲವಂತೆ. ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದನಂತೆ: "ನಲ್ವತ್ತು ವರ್ಷ ಈ ಸಮುದ್ರಕ್ಕೆ ಹೋಗಿ ಬಂದೆ. ಆಚೆ ದಡ ನೋಡಲಿಲ್ಲ. ನೀನಾದ್ರೂ ನೋಡ್ಕೊಂಡು ಬಾ."

ರೈಲು ಹತ್ತಿಸಲು ಅವನೂ ಹೊನ್ನಾವರ ಸ್ಟೇಶನ್ನಿಗೆ ಬಂದಿದ್ದ. ಅವಳ ಚೀಲದ ಜಿಪ್ಪನ್ನು ಮೂರು ಸಲ ಎಳೆದು ನೋಡಿದ. ರೈಲು ಬಂದಾಗ, "ಆತು, ಹೋಗಿ ಬಾ," ಎಂದು ಬೇರೆ ಕಡೆ ಮುಖ ತಿರುಗಿಸಿದ.

ಮುಂಬೈಯಿಂದ ವಿಮಾನ, ಮತ್ತೊಂದು ಚಿಕ್ಕ ವಿಮಾನ, ಆಮೇಲೆ ಲಾಂಚು. ದ್ವೀಪಕ್ಕಿಳಿದಾಗ ಮಾಸ್ತಮ್ಮನ ಕಾಲು ಊದಿಕೊಂಡಿತ್ತು. ಅಷ್ಟರಲ್ಲಿ ಗಾಳಿ ನಮ್ಮತ್ತ ಬೀಸಿತು. ಅವಳು ಮೂಗೆತ್ತಿ ನಿಂತಳು.

"ತಂಗಿ, ವಾಸ್ನೆ ಬಂತಾ? ಒಣಮೀನು!"

ನಿಜ. ದಡದುದ್ದಕ್ಕೂ ಬೆರಳಿಗಿಂತ ಸಣ್ಣ ಬೆಳ್ಳಿ ಮೀನುಗಳನ್ನು ಮರಳಿನ ಮೇಲೆ ಹರಡಿದ್ದರು. ಹೆಂಗಸರು ಬಗ್ಗಿ ಅವನ್ನು ತಿರುವಿ ಹಾಕುತ್ತಿದ್ದರು. ಆ ಇಡೀ ದಿನ ಮಾಸ್ತಮ್ಮ ಸಂತೋಷದಲ್ಲಿದ್ದಳು.

ಮರುದಿನ ಆ ಸಂತೋಷ ಉಳಿಯಲಿಲ್ಲ. ಶಾಲೆಯ ಕೋಣೆಯೊಂದರಲ್ಲಿ ಆಪರೇಶನ್ ಶುರುವಾಯಿತು. ಅವಳು ಎಂದಿನಂತೆ ಸ್ಟೂಲಿನಲ್ಲಿ ಕೂತು ಕೈ ಹಿಡಿದಳು. ಬಾಯಿ ತೆರೆದರೆ ಹೇಳಲು ಮಾತಿಲ್ಲ. ಮೂರನೆಯ ರೋಗಿ, ಒಬ್ಬ ಮುದುಕ, ಬಟ್ಟೆ ಬಿದ್ದೊಡನೆ ಕೈ ಕೊಸರಿಕೊಂಡು ಎದ್ದು ಕೂತುಬಿಟ್ಟ. ಮಧ್ಯಾಹ್ನ ಅವಳು ಅನ್ನ ಮುಟ್ಟಲಿಲ್ಲ.

"ಭಾಷೆ ಇಲ್ದೆ ನಾ ಎಂತಕ್ಕೆ ಬಂದೆ? ಒಬ್ಬರ ಜಾಗ ಹಾಳು ಮಾಡ್ದೆ."

ನಮಗೆ ಮಾತು ತಿಳಿಸಿಕೊಡುತ್ತಿದ್ದವಳು ನೀಮಾ ಎಂಬ ಅಲ್ಲಿಯ ನರ್ಸು. ಅವಳು ಒಂದು ಲೋಟ ತಂದಿಟ್ಟು "ಚಾಯ್" ಎಂದಳು. ಮಾಸ್ತಮ್ಮ ತಲೆಯೆತ್ತಿದಳು. ನೀಮಾ ಕೈ ತೊಳೆಯುವ ಸೋಪನ್ನು ತೋರಿಸಿ "ಸಬೂನಿ" ಎಂದಳು, ಎದುರಿನ ಅಂಗಡಿ ತೋರಿಸಿ "ದುಕಾ" ಎಂದಳು.

"ಅಯ್ಯ, ಇದು ನಮ್ಮ ಮಾತೇ ಅಲ್ದಾ!" ಎಂದಳು ಮಾಸ್ತಮ್ಮ. ಚಹಾ ಕುಡಿದಳು. ಸಂಜೆಯೊಳಗೆ "ಹೆದರಬೇಡ", "ಅಲುಗಬೇಡ", "ಮುಗಿಯಿತು" ಎನ್ನುವುದಕ್ಕೆ ಅಲ್ಲಿಯ ಮಾತು ಕಲಿತಳು. ಉಳಿದದ್ದನ್ನು ಕನ್ನಡದಲ್ಲೇ ಆಡಿದಳು. ಬಂಗಡೆಯ ವಿಷಯ, ಸೊಸೆಯ ವಿಷಯ. ಅಲ್ಲಿಯವರು ಸುಮ್ಮನೆ ಕೇಳುತ್ತ ಮಲಗಿದರು.

ನಾಲ್ಕನೆಯ ದಿನ ಆ ಊರಿನ ಹೆಂಗಸೊಬ್ಬಳು ಅಳುತ್ತ ಬಂದಳು. ತನ್ನ ಅತ್ತೆಗೆ ಎರಡೂ ಕಣ್ಣು ಕಾಣುವುದಿಲ್ಲ, ಕರೆದರೆ ಬರುವುದಿಲ್ಲ. ಅತ್ತೆಯ ಹೆಸರು ರೆಹೆಮಾ, ಊರವರೆಲ್ಲ ಕರೆಯುವುದು ಬಿಬಿ, ಅಂದರೆ ಅಜ್ಜಿ. ಸಂಜೆ ಕೆಲಸ ಮುಗಿದ ಮೇಲೆ ನೀಮಾ, ಮಾಸ್ತಮ್ಮ, ನಾನು ಆಕೆಯಿದ್ದಲ್ಲಿಗೆ ಹೋದೆವು.

ಅಜ್ಜಿ ಮರಳಿನಲ್ಲಿ ಕೂತು ಮೀನು ನೋಡುತ್ತಿದ್ದಳು. ನೋಡುವುದೆಂದರೆ ಕೈಯಿಂದ. ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿಯುವಳು. ಸದ್ದು ಸರಿಯಿದ್ದರೆ ಬುಟ್ಟಿಗೆ. ಮಾಸ್ತಮ್ಮ ಎದುರು ಕುಕ್ಕರುಗಾಲಿನಲ್ಲಿ ಕೂತು ತಾನೂ ಒಂದನ್ನು ಮುರಿದಳು. ಅಜ್ಜಿ ತಲೆಯಾಡಿಸಿ ಏನೋ ಅಂದಳು.

"ಇನ್ನೂ ಹಸಿ ಇದೆ ಅಂತಾಳೆ," ಎಂದಳು ನೀಮಾ, ನನಗೆ ಇಂಗ್ಲಿಷಿನಲ್ಲಿ. ನಾನು ಮಾಸ್ತಮ್ಮನಿಗೆ ಹೇಳಿದೆ.

"ಸರಿ ಹೇಳಿತು ಅಜ್ಜಿ. ನಂಗೇ ಗೊತ್ತಾಗ್ಲಿಲ್ಲ."

ಹೀಗೆ ಒಂದು ತಾಸು ಇಬ್ಬರೂ ಮೀನು ಆರಿಸಿದರು. ಆಮೇಲೆ ನೀಮಾ ಮೆಲ್ಲಗೆ ಕೇಳಿದಳು, ಆಪರೇಶನ್ನಿಗೆ ಏಕೆ ಬರುವುದಿಲ್ಲ? ಅಜ್ಜಿ ಇನ್ನೊಂದು ಮೀನನ್ನು ಮುರಿದು ಬುಟ್ಟಿಗೆ ಹಾಕಿ ಉತ್ತರಿಸಿದಳು. ಮುಖದ ಮೇಲೆ ಬಟ್ಟೆ ಹಾಕುತ್ತಾರಂತೆ. ಗಂಡನಿಗೆ ಹಾಗೆ ಹಾಕಿದ್ದರು, ಮಗನಿಗೂ ಹಾಕಿದ್ದರು. ಹಾಕಿಸಿಕೊಂಡವರು ಯಾರೂ ಎದ್ದು ಬಂದದ್ದನ್ನು ತಾನು ಕಂಡಿಲ್ಲ.

ಅದನ್ನು ಕೇಳಿ ಮಾಸ್ತಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಸ್ಪತ್ರೆಯ ಚೀಲದಲ್ಲಿದ್ದ ಒಂದು ಹಸಿರು ಬಟ್ಟೆಯನ್ನು ನನ್ನಿಂದ ಈಸಿಕೊಂಡು ಅಲ್ಲೇ ಮರಳಿನ ಮೇಲೆ ಉದ್ದಕ್ಕೆ ಮಲಗಿದಳು. ಬಟ್ಟೆಯನ್ನು ತನ್ನ ಮುಖದ ಮೇಲೆ ಎಳೆದುಕೊಂಡಳು. ಅಜ್ಜಿಯ ಕೈಯನ್ನು ತಂದು ಅದರ ಮೇಲೆ ಇಟ್ಟಳು. ಅಜ್ಜಿಯ ಬೆರಳುಗಳು ಬಟ್ಟೆಯ ಮೇಲಿಂದಲೇ ಮೂಗು ಮುಟ್ಟಿದವು, ಉಸಿರು ಮುಟ್ಟಿದವು, ತೂತಿನಲ್ಲಿ ಮಿಟುಕುತ್ತಿದ್ದ ರೆಪ್ಪೆ ಮುಟ್ಟಿದವು. ಕೆಳಗಿನಿಂದ ಮಾಸ್ತಮ್ಮ ಮಾತಾಡುತ್ತಲೇ ಇದ್ದಳು. "ನೋಡಜ್ಜಿ, ನಾ ಇದ್ದೆ. ಎಲ್ಲೂ ಹೋಗ್ಲಿಲ್ಲ. ಸ್ವಲ್ಪ ಸೆಕೆ ಆಗ್ತದೆ, ಅಷ್ಟೇ." ನಂತರ ಬಟ್ಟೆ ಸರಿಸಿ ಎದ್ದು ಕೂತಳು. ಮುಖಕ್ಕೆಲ್ಲ ಮರಳು, ಬೆನ್ನಿಗೆ ಮೀನು. ಅಜ್ಜಿ ಅವಳ ಕೂದಲಿನಿಂದ ಒಂದು ಮೀನನ್ನು ತಡವಿ ತೆಗೆದು ನಗಲು ಶುರುಮಾಡಿದಳು. ಇಬ್ಬರೂ ನಕ್ಕರು.

ಮಾರನೆಯ ಬೆಳಿಗ್ಗೆ ಮೊದಲು ಬಂದು ಕೂತವಳು ಬಿಬಿ ರೆಹೆಮಾ. ಬಟ್ಟೆ ಹಾಸಿದಾಗ ಅವಳ ಕೈ ಮಾಸ್ತಮ್ಮನ ಮುಂಗೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿತ್ತು. ತಲೆ ಅಲುಗಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದೆವು. ಡಾಕ್ಟರು ಬೆರಳು ತೋರಿಸಿದರು. ಎಷ್ಟೆಂದು ಅಜ್ಜಿಗೆ ಹೇಳಲಾಗಲಿಲ್ಲ. ಪೊರೆ ಹೋಗಿತ್ತು. ಆದರೆ ಒಳಗಿನ ನರ ಬಹಳ ಹಿಂದೆಯೇ ಒಣಗಿತ್ತು, ಅದು ಪೊರೆ ತೆಗೆದ ಮೇಲಷ್ಟೇ ಕಾಣುವಂಥದ್ದು. ಬೆಳಕು, ದೊಡ್ಡ ದೊಡ್ಡ ಆಕಾರ, ಅದಕ್ಕಿಂತ ಹೆಚ್ಚು ಬರುವುದಿಲ್ಲ ಎಂದರು ಡಾಕ್ಟರು. ಮಾಸ್ತಮ್ಮ ಹೊರಗೆ ಹೋದಳು. ನೀರಿನ ಟ್ಯಾಂಕಿನ ಹಿಂದೆ ಕೂತು ಅಳುತ್ತಿದ್ದಳು.

"ನಾ ಆಸೆ ಹುಟ್ಸಿ ಕರ್ಕೊಂಡು ಬಂದೆ ತಂಗಿ. ಸುಳ್ಳು ಹೇಳ್ದಂಗೆ ಆತು."

ಅಷ್ಟರಲ್ಲಿ ಅಜ್ಜಿಯೇ ನೀಮಾಳ ತೋಳು ಹಿಡಿದು ಬಂದಳು. ಅಳುವಿನ ಸದ್ದು ಕೇಳಿ ನಿಂತಳು. ಕೆಳಗೆ ದಡದ ಕಡೆ ಕೈಚಾಚಿ ಏನೋ ಉದ್ದಕ್ಕೆ ಹೇಳಿದಳು. ನೀಮಾ ತಡೆತಡೆದು ತಿಳಿಸಿದಳು: ಅಲ್ಲಿ ದೊಡ್ಡದೊಂದು ಬಿಳಿ ಕಾಣುತ್ತದಂತೆ. ಅದು ಸರೋವರ. ಆರು ವರ್ಷದಿಂದ ಸಪ್ಪಳ ಮಾತ್ರ ಕೇಳುತ್ತಿತ್ತಂತೆ. ಅದಕ್ಕೆ ಇಷ್ಟೊಂದು ಹೊಳಪಿತ್ತು ಎಂಬುದೇ ಮರೆತು ಹೋಗಿತ್ತಂತೆ. ಇವಳೇಕೆ ಅಳುತ್ತಾಳೆ ಎಂದು ಕೇಳುತ್ತಿದ್ದಾಳೆ.

ಮಾಸ್ತಮ್ಮ ಕಣ್ಣೊರೆಸಿಕೊಂಡು ಎದ್ದು ನಿಂತಳು. ಅಜ್ಜಿ ನೀಮಾಳ ತೋಳು ಬಿಟ್ಟಳು. ಸೊಸೆ ಓಡಿ ಬಂದಳು, ಅವಳನ್ನೂ ಕೈಯಿಂದ ದೂರ ತಳ್ಳಿದಳು. ಆ ಬಿಳಿಯನ್ನೇ ನೋಡುತ್ತ, ಇಳಿಜಾರಿನಲ್ಲಿ ಒಬ್ಬಳೇ ನಿಧಾನವಾಗಿ ನಡೆದು ಹೋದಳು. ಮಾಸ್ತಮ್ಮ ಸೆರಗು ಕಚ್ಚಿಕೊಂಡು, ಅವಳು ತನ್ನ ಮೀನಿನ ಹತ್ತಿರ ಮುಟ್ಟುವವರೆಗೂ ನೋಡುತ್ತ ನಿಂತಿದ್ದಳು. ಆಮೇಲೆ ಮುಖ ತೊಳೆದು ಒಳಗೆ ಬಂದಳು. ಅವತ್ತು ಇನ್ನೂ ಹದಿನಾಲ್ಕು ಜನರಿದ್ದರು.

ಊರಿಗೆ ಮರಳಿದ ಮೇಲೆ ಮೂರು ದಿನ ರಜೆ ಕೊಟ್ಟಿದ್ದರೂ ಅವಳು ಎರಡನೆಯ ದಿನವೇ ಆಸ್ಪತ್ರೆಗೆ ಬಂದಳು. ಶಿವನಿಗೆ ಎಲ್ಲ ಹೇಳಿಯಾಯಿತಂತೆ. ಅವನು ಉಳಿದದ್ದನ್ನೆಲ್ಲ ನಂಬಿ, ಸರೋವರಕ್ಕೆ ಆಚೆ ದಡ ಕಾಣುವುದಿಲ್ಲ ಎಂದದ್ದನ್ನು ಮಾತ್ರ ಒಪ್ಪಲಿಲ್ಲವಂತೆ.

ಕಾಸರಕೋಡಿನಲ್ಲಿ ಅವಳ ಮನೆಯ ಹಿಂದೆಯೇ ಈರಮ್ಮ ಎಂಬ ಮುದುಕಿಯಿದ್ದಾಳೆ. ನಾಲ್ಕು ವರ್ಷದಿಂದ ಪೊರೆ ಬಲಿತಿತ್ತು. ಎಷ್ಟು ಹೇಳಿದರೂ ಆಸ್ಪತ್ರೆಗೆ ಬರುತ್ತಿರಲಿಲ್ಲ. ಮಾಸ್ತಮ್ಮನೂ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಳು. ಆಫ್ರಿಕಾದಿಂದ ಬಂದ ಮೇಲೆ ಅವಳು ಹೇಳಲು ಹೋಗಲಿಲ್ಲ. ಸಂಜೆ ಸಂಜೆ ಹೋಗಿ ಈರಮ್ಮನ ಜಗಲಿಯಲ್ಲಿ ಕೂತಳು. ಒಂದು ವಾರ ಕೂತಳಂತೆ. "ನಿಂಗೆ ಎಂತದ ಹೆದ್ರಿಕೆ, ಅಬ್ಬೆ?" ಎಂದು ಎಂಟನೆಯ ದಿನ ಕೇಳಿದಳಂತೆ. ಈರಮ್ಮ ಹೇಳಿದ್ದೇನೆಂದು ನನಗೆ ತಿಳಿಸಲಿಲ್ಲ. ಅದು ಅವರಿಬ್ಬರ ಮಾತು.

ಕಳೆದ ಗುರುವಾರ ಈರಮ್ಮನ ಬಲಗಣ್ಣಿನ ಆಪರೇಶನ್ ಆಯಿತು. ಮಾಸ್ತಮ್ಮ ಸ್ಟೂಲಿನಲ್ಲಿ ಕೂತು, ಈ ಸಲ ತಾರ್ಲೆ ಮೀನು ಎಷ್ಟು ಸಣ್ಣದು ಬಂದಿದೆ ನೋಡು ಎಂದು ಬೈಯುತ್ತಿದ್ದಳು. ಈರಮ್ಮ ಬಟ್ಟೆಯ ಅಡಿಯಿಂದ, "ಹೌದೇ ಮಗಾ," ಎನ್ನುತ್ತಿದ್ದಳು.