ನಾನು ಸೋತ ಚುನಾವಣೆ

ನಾನೀಗ ಇರುವ ಹಿರಿಯರ ನಿವಾಸ ಶಿರಾಳಕೊಪ್ಪದಿಂದ ಶಿಕಾರಿಪುರದ ಕಡೆ ಹೋಗುವ ದಾರಿಯಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ ಇದೆ. ನನ್ನನ್ನು ಯಾರೂ ಇಲ್ಲಿಗೆ ತಂದು ಬಿಟ್ಟದ್ದಲ್ಲ. ಆನವಟ್ಟಿಯ ಟೆಲಿಫೋನ್ ಕಚೇರಿಯಲ್ಲಿ ನೌಕರಿ ಮುಗಿಸಿದ ಮೇಲೆ ಕೆಲವು ವರ್ಷ ಅಲ್ಲೇ ಬಾಡಿಗೆ ಮನೆಯಲ್ಲಿದ್ದೆ. ಮಹಡಿಯ ಮೆಟ್ಟಿಲು ಮಂಡಿಗೆ ಕಷ್ಟವಾಗತೊಡಗಿದಾಗ ನಾನೇ ಬಸ್ಸು ಹತ್ತಿ ಬಂದು, ನಾಲ್ಕು ಕೋಣೆ ನೋಡಿ, ಬೆಳಗಿನ ಬಿಸಿಲು ಬೀಳುವುದನ್ನು ಆರಿಸಿಕೊಂಡೆ. ಮದುವೆಯಾಗದೆ ಉಳಿದವಳು ನಾನು. ನನ್ನ ತೀರ್ಮಾನ ನಾನೇ ಮಾಡಿ ಅಭ್ಯಾಸ. ಇಲ್ಲಿಗೆ ಬಂದ ಮೊದಲ ವಾರವೇ ಆ ಅಭ್ಯಾಸಕ್ಕೆ ಪೆಟ್ಟು ಬಿತ್ತು.

ಜಾಗ ಕೆಟ್ಟದ್ದಲ್ಲ. ಹಾಸಿಗೆ ಚೊಕ್ಕ, ಊಟ ಬಿಸಿ, ಮ್ಯಾನೇಜರು ಮೆದು ಮಾತಿನವರು. ಆದರೆ ರಾತ್ರಿಯ ಊಟ ಆರೂವರೆಗೇ ಏಕೆ ಎಂದು ಕೇಳುವಂತಿರಲಿಲ್ಲ. ಹಲ್ಲಿದ್ದವರಿಗೂ ಇಲ್ಲದವರಿಗೂ ಅದೇ ಗಂಜಿಯಂತೆ ಬೆಂದ ಅನ್ನ. ಮೂರು ತಿಂಗಳಿಗೊಮ್ಮೆ ಟ್ರಸ್ಟಿನವರು ಬಂದು ಮುಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸಭೆ ನಡೆಸುತ್ತಿದ್ದರು. ಏನು ಮಾತಾಯಿತೆಂದು ಕೇಳಿದರೆ ಮ್ಯಾನೇಜರು ನಗುತ್ತಿದ್ದರು.

"ನಿಮಗ್ಯಾಕೆ ಮೇಡಂ ತಲೆಬಿಸಿ? ನಾವಿದೀವಲ್ಲ, ಆರಾಮಾಗಿರ‍್ರಿ."

ಅಂಥದೊಂದು ಸಭೆಯಾದ ಮೇಲೆ ಮುಂಬಾಗಿಲ ಮೆಟ್ಟಿಲ ಪಕ್ಕದಲ್ಲಿ ಕೆಲಸ ಶುರುವಾಯಿತು. ನಮಗಾಗಿ ಇಳಿಜಾರು ದಾರಿ ಮಾಡಿಸುತ್ತಿದ್ದರು. ಮುಗಿದಾಗ ನೋಡಿದರೆ ಕನ್ನಡಿಯಂಥ ಕರಿ ಕಲ್ಲು, ಮುಖ ಕಾಣಿಸುವಷ್ಟು ಹೊಳಪು. ಅದರ ಮೇಲೆ ಕಾಲಿಡುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಹಳೆಯ ಮೆಟ್ಟಿಲನ್ನೇ ಹಿಡಿದು ಹತ್ತಿಳಿದೆವು.

ಉದ್ಘಾಟನೆಯ ದಿನ ಟ್ರಸ್ಟಿನ ಅಧ್ಯಕ್ಷರು ಬಂದರು. ತೋಟ, ಗದ್ದೆ ಇರುವ ದೊಡ್ಡ ಮನೆತನದವರು, ಬಿಳಿ ಪಂಚೆ, ಹೊಸ ಚಪ್ಪಲಿ. ಟೇಪು ಕತ್ತರಿಸಿ, ಚಪ್ಪಾಳೆಯಾಗಿ, ಇನ್ನೇನು ಅವರು ಹೆಜ್ಜೆ ಇಡಬೇಕು, ಆಗ ನಮ್ಮ ನಡುವಿನಿಂದ ಒಬ್ಬ ಅಜ್ಜ ಎದ್ದ. ಆಯುಷ್ಯವೆಲ್ಲ ಕುರಿ ಕಾದವನು ಆ ಅಜ್ಜ. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಇಳಿಜಾರಿನ ಮೇಲೆ ಸುರಿದುಬಿಟ್ಟ. ಮ್ಯಾನೇಜರು "ಅಯ್ಯೋ ಅಜ್ಜಾ!" ಎಂದು ಓಡಿ ಬಂದರು.

"ಮಳಿ ಬಂದಂಗ ಆತ್ರೀ," ಎಂದ ಅಜ್ಜ ಅಧ್ಯಕ್ಷರಿಗೆ. "ಈಗ ಹತ್ರಿ ಯಜಮಾನ್ರೆ. ನಾ ಕೈ ಹಿಡಿತೀನಿ."

ಅಧ್ಯಕ್ಷರು ಒಂದು ಹೆಜ್ಜೆ ಇಟ್ಟರು, ಎರಡನೆಯದಕ್ಕೆ ಕಾಲು ಸರ‍್ರನೆ ಜಾರಿತು. ಅಜ್ಜನ ಹೆಗಲು ಸಿಕ್ಕದಿದ್ದರೆ ಕೂತೇಬಿಡುತ್ತಿದ್ದರು. ಆಮೇಲೆ ಅವರೇ ನಕ್ಕರು. ಅಜ್ಜನ ಹೆಗಲು ಬಿಡದೆಯೇ ಕೇಳಿದರು:

"ಅಲ್ರೀ, ಇದನ್ನ ಮೊದ್ಲೇ ಹೇಳಬಾರದಿತ್ತಾ?"

"ಕೇಳಿದ್ರ ಹೇಳ್ತಿದ್ವಿ. ಬಾಗಿಲು ಹಾಕ್ಕೊಂಡು ಕುಂತ್ರ ಯಾರಿಗೆ ಹೇಳೋದ್ರೀ?"

ಇಂಥ ಸಂದರ್ಭವನ್ನು ಬಿಟ್ಟುಕೊಡುವವಳಲ್ಲ ನಾನು. ಸಭೆಯಲ್ಲಿ ನಮ್ಮ ಕಡೆಯವರು ಇಬ್ಬರು ಕೂರಬೇಕು, ಸುಮ್ಮನೆ ಕೂರುವುದಲ್ಲ, ಅವರ ಮಾತೂ ಲೆಕ್ಕಕ್ಕೆ ಬರಬೇಕು ಎಂದು ಅಲ್ಲೇ, ಎಲ್ಲರ ಎದುರೇ ಕೇಳಿದೆ. ಅಧ್ಯಕ್ಷರು ಮ್ಯಾನೇಜರ ಮುಖ ನೋಡಿದರು, ಒದ್ದೆಯಾದ ಕಲ್ಲನ್ನು ನೋಡಿದರು. "ಆಯ್ತು. ಯಾರಿಬ್ಬರು ಅಂತ ನೀವೇ ಆರಿಸಿಕೊಳ್ಳಿ" ಎಂದರು.

ಮುಂದಿನ ಹದಿನೈದು ದಿನ ನಮ್ಮ ನಿವಾಸಕ್ಕೆ ಹೊಸ ಕಳೆ ಬಂತು. ಒಬ್ಬ ಗಂಡಸು, ಒಬ್ಬ ಹೆಂಗಸು ಎಂದು ಮಾತಾಯಿತು. ಗಂಡಸರ ಸ್ಥಾನಕ್ಕೆ ಅಜ್ಜನ ಎದುರು ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಹೆಂಗಸರ ಸ್ಥಾನಕ್ಕೆ ನಾನು ನಿಂತೆ. ನಾನಲ್ಲದೆ ಇನ್ಯಾರು ಎಂಬ ಭಾವ ನನ್ನಲ್ಲಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅಡುಗೆಮನೆಯ ಪಕ್ಕದ ಕೋಣೆಯವರು ನನ್ನೆದುರು ಇನ್ನೊಬ್ಬಳನ್ನು ನಿಲ್ಲಿಸಿದರು. ಸೊರಬದ ಕಡೆಯವಳು, ಗದ್ದೆ ನಾಟಿಯ ಕೆಲಸದಲ್ಲೇ ಬೆನ್ನು ಬಾಗಿದವಳು. ಜನರ ಎದುರು ನಾಲ್ಕು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಂಗೆ ಎಂತಕ್ಕೆ ಮಾರಾಯ್ರೆ ಇದೆಲ್ಲ" ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನಾದರೋ ಕೋಣೆ ಕೋಣೆಗೆ ಹೋಗಿ ಊಟದ ಹೊತ್ತು, ಸಂತೆಗೆ ಹೋಗಲು ಗಾಡಿ, ಸಂಜೆ ಎರಡನೆಯ ಲೋಟ ಕಾಫಿ ಎಂದು ಭಾಷಣ ಮಾಡಿದೆ.

ನಮ್ಮಲ್ಲಿ ಓದುಬರಹ ಬಾರದವರು ಅರ್ಧದಷ್ಟಿದ್ದರು. ಅದಕ್ಕೆ ಉಗ್ರಾಣದಲ್ಲಿ ನನ್ನ ಹೆಸರಿಗೆ ಒಂದು ಸ್ಟೀಲ್ ಡಬ್ಬಿ, ಅವಳ ಹೆಸರಿಗೆ ಒಂದು ಮಣ್ಣಿನ ಗಡಿಗೆ ಇಟ್ಟರು. ಒಬ್ಬೊಬ್ಬರೇ ಒಳಗೆ ಹೋಗಿ ಒಂದು ಮೆಕ್ಕೆಜೋಳದ ಕಾಳು ಹಾಕಿ ಬರಬೇಕು. ಮೊದಲನೆಯವರು ಹೋದರು, ಒಳಗಿಂದ 'ಟಣ್' ಎಂದಿತು. ಎರಡನೆಯವರು ಹೋದಾಗಲೂ 'ಟಣ್'. ಜಗಲಿಯಲ್ಲಿ ಕೂತ ನಾನು ಬೀಗಿದೆ. ಅಜ್ಜ ತಕ್ಷಣ ಕೈಯೆತ್ತಿದ.

"ನಿಲ್ಲಸ್ರಿ, ನಿಲ್ಲಸ್ರಿ! ಯಾರ್ ಯಾರಿಗೆ ಹಾಕಿದ್ರು ಅಂತ ಊರಿಗೆಲ್ಲ ಕೇಳಾಕತ್ತೈತಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಡಬ್ಬಿಯ ತಳಕ್ಕೆ ಟವೆಲು ಹಾಸಿ ಮೊದಲಿನಿಂದ ಶುರು ಮಾಡಿದರು. ಆಮೇಲೆ ಒಂದು ಸದ್ದೂ ಬರಲಿಲ್ಲ. ಕಣ್ಣು ಕಾಣದ ಅಜ್ಜಿಯೊಬ್ಬರು ಸಹಾಯಕ್ಕೆ ಬಂದವರ ಕೈ ಕೊಡವಿ, ಗಡಿಗೆ ಯಾವುದು ಡಬ್ಬಿ ಯಾವುದು ಎಂದು ತಾವೇ ತಡವಿ ನೋಡಿ ಕಾಳು ಹಾಕಿ ಬಂದರು. ಬರುವಾಗ ಅವರ ಮುಖ ಮದುವಣಗಿತ್ತಿಯ ಮುಖದಂತಿತ್ತು.

ಕಾಳು ಎಣಿಸಿದಾಗ ನಾನು ಐದರಿಂದ ಸೋತಿದ್ದೆ.

ಎಲ್ಲರೆದುರು ನಕ್ಕು, ಅವಳಿಗೆ ಹೂ ಮುಡಿಸಿ, ಕೋಣೆಗೆ ಬಂದು ಮಂಚದ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂದದ್ದು ನಿಜ. ಅಜ್ಜ ಬಾಗಿಲಲ್ಲಿ ಬಂದು ನಿಂತ.

"ಅಕ್ಕಾರೆ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮಗ ಮಾತಾಡಾಕ ಕುರ್ಚಿ ಬೇಕಾಗಿಲ್ಲ. ಎಲ್ಲಿ ನಿಂತ್ರೂ ಮಾತಾಡ್ತೀರಿ. ಆಕಿಗೆ ಕುರ್ಚಿ ಬೇಕು."

ಸಿಟ್ಟು ಮಾಡಿಕೊಳ್ಳಬೇಕೆಂದುಕೊಂಡವಳಿಗೆ ನಗು ಬಂತು. ಆದರೂ ಅವಳು ಸಭೆಯ ಕೋಣೆಯಲ್ಲಿ ಬಾಯಿ ಬಿಡುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಸಭೆಯ ನಡಾವಳಿ ಬರೆಯಲು ಯಾರಾದರೂ ಬೇಕೆಂದಾಗ ನನ್ನನ್ನೇ ಕರೆದರು. ಹೀಗೆ ಸೋತವಳೂ ಒಳಗೆ ಹೋದೆ.

ಮೊದಲ ಸಭೆಯಲ್ಲಿ ಅಜ್ಜ ಕರಿ ಕಲ್ಲನ್ನು ಉಳಿಯಿಂದ ಒರಟು ಮಾಡಿಸಬೇಕು, ಪಕ್ಕಕ್ಕೆ ಕಂಬಿ ಹಾಕಬೇಕು ಎಂದ. ಒಪ್ಪಿದರು. ಊಟ ಏಳೂವರೆಗೆ, ಅನ್ನ ಎರಡು ಬಗೆ ಎಂದ. ಅದನ್ನೂ ಒಪ್ಪಿದರು. ಅವಳು ಅಷ್ಟು ಹೊತ್ತೂ ಮೇಜಿನ ಅಂಚನ್ನೇ ನೋಡುತ್ತ ಕೂತಿದ್ದಳು. ಅಧ್ಯಕ್ಷರೇ ಕೇಳಿದರು, "ಅಮ್ಮಾ, ನೀವೇನಾದ್ರೂ ಹೇಳೋದಿದೆಯಾ?"

ಅವಳು ಎದ್ದು ನಿಂತಳು.

"ನಮ್ಮಲ್ಲಿ ಯಾರಾದ್ರೂ ತೀರಿಹೋದ್ರೆ ಬೆಳಗಾಗದ್ರೊಳಗೆ ಹಿಂದಿನ ಬಾಗಿಲಿಂದ ಕಳಿಸ್ತೀರಿ. ನಾವು ಹೆದರ್ತೀವಿ ಅಂತ. ನಾವು ಹೆದರೋದಿಲ್ಲ ಮಾರಾಯ್ರೆ. ತಿಂಡಿಗೆ ಬಂದು ಕೂತಾಗ ಪಕ್ಕದ ತಟ್ಟೆ ಇರೋದಿಲ್ಲ ನೋಡಿ, ಅದೇ ಸಂಕಟ. ನಮಗೆ ಹೇಳಿ. ಮುಂದಿನ ಬಾಗಿಲಿಂದ, ಎಲ್ಲರೂ ನಿಂತು ಕಳಿಸಿಕೊಡ್ತೀವಿ."

ನನ್ನ ಪೆನ್ನು ನಿಂತಿತು. ಕೋಣೆ ಕೋಣೆ ಸುತ್ತಿ ನಾನು ಕೊಟ್ಟ ಭರವಸೆಗಳಲ್ಲಿ ಇದೊಂದು ಇರಲೇ ಇಲ್ಲ. ಎಲ್ಲರ ತಲೆಗೆ ಎಣ್ಣೆ ಹಚ್ಚುತ್ತ, ಕಾಲು ಒತ್ತುತ್ತ, ಅವಳು ಕೇಳಿಸಿಕೊಂಡಿದ್ದ ಮಾತು ಅದು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. "ತಪ್ಪಾಯ್ತಮ್ಮಾ, ಒಳ್ಳೇದಕ್ಕೇ ಅಂತ ಮಾಡ್ತಿದ್ದೆ" ಎಂದರು. ನಾನು ಅವಳ ಮಾತನ್ನು ಅವಳ ಮಾತಿನಲ್ಲೇ ಬರೆದೆ, ಒಂದಕ್ಷರ ತಿದ್ದಲಿಲ್ಲ.

ಈಗ ತಿಂಗಳಿಗೊಮ್ಮೆ ನಾವು ನಾವೇ ಊಟದ ಮನೆಯಲ್ಲಿ ಸಭೆ ಸೇರುತ್ತೇವೆ. ಜಗಳವೂ ಆಗುತ್ತದೆ. ಜೋಳದ ರೊಟ್ಟಿಯವರಿಗೂ ಅಕ್ಕಿ ರೊಟ್ಟಿಯವರಿಗೂ ಇನ್ನೂ ರಾಜಿಯಾಗಿಲ್ಲ. ಟಿವಿಯ ರಿಮೋಟು ಯಾರ ಕೈಯಲ್ಲಿರಬೇಕೆಂಬುದು ಎರಡು ಸಭೆ ತಿಂದಿತು. ಮ್ಯಾನೇಜರು ಬಾಗಿಲಲ್ಲಿ ನಿಂತು ಕೇಳುತ್ತಾರೆ. ಕರೆದರೆ ಒಳಗೆ ಬರುತ್ತಾರೆ.

ಈ ಸಲದ ಮಳೆಗಾಲ ಮುಗಿದ ಮೇಲೆ ಅಂಜನಾಪುರದ ಜಲಾಶಯ ನೋಡಿ ಬರುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ಬಸ್ಸು ಮಾಡಿಕೊಂಡು, ಪುಳಿಯೋಗರೆ ಕಟ್ಟಿಸಿಕೊಂಡು ಹೋದೆವು. ನೀರು ತುಂಬಿ ನಿಂತಿತ್ತು, ಗಾಳಿಗೆ ಹೆಂಗಸರ ಸೆರಗು ನಿಲ್ಲುತ್ತಿರಲಿಲ್ಲ. ನನ್ನನ್ನು ಸೋಲಿಸಿದವಳು ಏರಿಯ ಮೇಲೆ ಕೂತು ಕೆಳಗಿನ ಗದ್ದೆಗಳ ನಾಟಿ ಸರಿಯಾಗಿದೆಯೋ ಇಲ್ಲವೋ ಎಂದು ನನಗೆ ಪಾಠ ಹೇಳುತ್ತಿದ್ದಳು, ಅಜ್ಜ ದೂರದಲ್ಲಿ ಯಾರದೋ ಕುರಿ ಹಿಂಡಿನ ಜೊತೆ ಮಾತಿಗಿಳಿದಿದ್ದ. ನಾಲ್ಕು ಗಂಟೆಯಾಗುತ್ತಲೇ ಮ್ಯಾನೇಜರು ಗಡಿಯಾರ ನೋಡಿಕೊಂಡು ಬಂದರು. "ಎಲ್ಲರೂ ಹತ್ತಿ" ಎನ್ನಲು ಬಾಯಿ ತೆರೆದವರು ನಿಲ್ಲಿಸಿ, "ಏನ್ಮಾಡೋಣ? ಹೊರಡೋಣವಾ, ಇನ್ನೊಂದು ತಾಸು ಇರೋಣವಾ?" ಎಂದು ಕೇಳಿದರು.

"ಇನ್ನೊಂದು ತಾಸು ಅನ್ನೋರು ಕೈಯೆತ್ತಿ" ಎಂದೆ ನಾನು.

ಎಲ್ಲ ಕೈಗಳೂ ಮೇಲೆದ್ದವು. ಕೆಲವರು ಎರಡೆರಡು ಎತ್ತಿದ್ದರು. ಬಸ್ಸಿನ ಡ್ರೈವರನೂ ಎತ್ತಿದ್ದ.