ತೂಬು ಕಾಯುವ ಚಂಪೀ

ಬ್ಯಾಂಕಾಕಿನಲ್ಲಿ ಹೊಳೆ ಮೇಲೆ, ಊರು ಕೆಳಗೆ. ಇಷ್ಟು ತಿಳಿದರೆ ಚಂಪೀಯ ಇಪ್ಪತ್ತಾರು ವರ್ಷದ ಕೆಲಸ ತಿಳಿದ ಹಾಗೆ. ಓಣಿಗಳ ಕಾಲುದಾರಿಯಡಿ ಇರುವುದು ಒಂದೇ ಕೊಳವೆ. ಬಚ್ಚಲ ನೀರು, ಮುಸುರೆ, ಮಳೆನೀರು, ಎಲ್ಲ ಅದರಲ್ಲೇ ಕೂಡಿಕೊಂಡು ಕಾಲುವೆಗೆ ಬರುತ್ತವೆ. ಕಾಲುವೆ ಹೊಳೆ ಸೇರುವಲ್ಲಿ ಕಬ್ಬಿಣದ ತೂಬು. ಹೊಳೆ ತಗ್ಗಿದಾಗ ತೂಬು ಎತ್ತಿದರೆ ನೀರು ತಾನಾಗಿ ಹೋಗುತ್ತದೆ. ಸಮುದ್ರದ ಉಬ್ಬರಕ್ಕೆ ಹೊಳೆ ಏರಿದಾಗ ತೂಬು ಇಳಿಸಿ, ಪಂಪು ಹಾಕಿ, ಕಾಲುವೆಯ ನೀರನ್ನು ಆಚೆ ಎತ್ತಿ ಹಾಕಬೇಕು. ಊರಿನವರಿಗೆ ಇದ್ಯಾವುದೂ ಬೇಕಿಲ್ಲ. ಹಳೇ ಹಾಸಿಗೆ, ಒಡೆದ ಟಿವಿ, ತೆಂಗಿನ ಚಿಪ್ಪು ಎಲ್ಲವನ್ನೂ ಕಾಲುವೆಗೇ ದಾನ ಮಾಡುತ್ತಾರೆ, ಮಳೆ ಬಂದ ದಿನ ಚಂಪೀಗೆ ಶಾಪ ಹಾಕುತ್ತಾರೆ.

ಚಂಪೀಗೆ ಐವತ್ತೊಂಬತ್ತು. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಒಂದು ಕಪ್ಪುಚುಕ್ಕೆಯೂ ಇಲ್ಲದ ಕೆಲಸ ಅವಳದು. ಹಾಳಾದದ್ದು ಥಾಯ್ ಪಂಚಾಂಗದ ಹನ್ನೆರಡನೇ ತಿಂಗಳ ಹುಣ್ಣಿಮೆಯ ಸಂಜೆ.

ಆ ಸಂಜೆ ಊರಿಗೆ ಊರೇ ಕ್ರಥೋಂಗ್ ತೇಲಿಬಿಡುತ್ತದೆ. ಬಾಳೆದಿಂಡಿನ ಬಿಲ್ಲೆಯ ಮೇಲೆ ಹೂವು, ಮೇಣದಬತ್ತಿ, ಊದಿನಕಡ್ಡಿ, ಜೊತೆಗೊಂದು ಚೂರು ಉಗುರೋ ಕೂದಲೋ. ವರ್ಷದ ಕೇಡೆಲ್ಲ ಅದರೊಡನೆ ಹೊಳೆಗೆ ಹೋಗಬೇಕು. ನಡುವೆ ನಿಂತರೆ ಅಪಶಕುನ. ಆ ವರ್ಷ ನೂರಾರು ಕ್ರಥೋಂಗುಗಳು ಮುಚ್ಚಿದ ತೂಬಿನ ಮುಂದೆ ಬಂದು ಒತ್ತಾಗಿ ನಿಂತವು. ಓಣಿಯ ವಿಪಾ ಓಡಿಬಂದಳು.

"ಅಕ್ಕಾ, ಅರ್ಧ ಗಂಟೆ ಎತ್ತು. ಅಮ್ಮಂದು ಅಲ್ಲೇ ನಿಂತ್ಬಿಟ್ಟಿದೆ. ಹಾಸಿಗೆ ಹಿಡಿದೋಳಿಗೆ ನಾನು ಏನಂತ ಹೇಳ್ಲಿ?"

"ಹುಣ್ಣಿಮೆ ಉಬ್ಬರ ಕಣೇ. ಇವತ್ತು ತೂಬು ಮುಟ್ಟೋ ಹಾಗಿಲ್ಲ ಅಂತ ಆರ್ಡರ್ ಇದೆ."

"ಹೊಳೆ ಇನ್ನೂ ಇಳಿದೇ ಇದೆಯಲ್ಲ! ಆರ್ಡರ್ ಕೊಟ್ಟೋರು ಇಲ್ಲಿ ಬಂದು ಕೂತಿದ್ದಾರಾ? ಕೈ ಮುಗೀತೀನಿ ಅಕ್ಕಾ."

"ಥೂ, ನಿನ್ನ ಕಾಟ!" ಎಂದಳು ಚಂಪೀ. ಆದರೆ ಅವಳ ಕ್ರಥೋಂಗೂ ಆ ಗುಂಪಿನಲ್ಲೇ ಇತ್ತು. ಚಕ್ರ ತಿರುಗಿಸಿ ತೂಬು ಎತ್ತಿಬಿಟ್ಟಳು. ದೀಪಗಳು ಸಾಲಾಗಿ ಹೊಳೆಗೆ ಹೊರಟಾಗ ದಡದವರೆಲ್ಲ ಚಪ್ಪಾಳೆ ತಟ್ಟಿದರು. ಅವಳಿಗೂ ಖುಷಿಯಾಯಿತು.

ಮತ್ತೆ ಇಳಿಸುವಾಗ ಚಕ್ರ ಐವತ್ತೆಂಟು ಸುತ್ತಿಗೇ ನಿಂತಿತು. ಲೆಕ್ಕಕ್ಕೆ ಅರವತ್ತು ಸುತ್ತಬೇಕು. ಎಣಿಕೆ ತಪ್ಪಿರಬೇಕು ಎಂದುಕೊಂಡು ಹೋಗಿ ಮಲಗಿದಳು.

ಬೆಳಿಗ್ಗೆ ಆರಕ್ಕೆ ಮಳೆ ಹಿಡಿಯಿತು. ಉಬ್ಬರಕ್ಕೆ ಹೊಳೆಯೂ ಏರಿತು. ಮೂರು ಪಂಪುಗಳೂ ಓಡುತ್ತಿದ್ದವು, ಕಾಲುವೆ ಮಾತ್ರ ಇಳಿಯಲೊಲ್ಲದು. ಏಳಕ್ಕೆ ಅವಳು ಬಗ್ಗಿ ನೋಡಿದರೆ ತೂಬಿನ ಬುಡದಲ್ಲಿ ಒಳಮಗ್ಗುಲಿಗೆ ನೀರು ಕುದಿಯುತ್ತಿತ್ತು. ಉದ್ದನೆಯ ಬಿದಿರೊಂದನ್ನು ಇಳಿಬಿಟ್ಟು ತಡವಿದಳು. ನೀರು ಕುಡಿದ ಮರದ ತೊಲೆಯೊಂದು ಅಡಿಯಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಪಂಪು ಹೊರಗೆ ಹಾಕಿದ ನೀರೇ ಸುತ್ತಿ ಬಂದು ಅದರ ಸಂದಿಯಿಂದ ಒಳಗೆ ನುಗ್ಗುತ್ತಿತ್ತು.

ತೂಬು ಎತ್ತಿ ತೊಲೆ ಬಿಡಿಸೋಣವೆಂದರೆ ಹೊಳೆಯೇ ಓಣಿಗೆ ಬರುತ್ತದೆ. ಕಚೇರಿಗೆ ಹೇಳಿದರೆ ಕಾಲುವೆಯ ಮೇಲ್ಭಾಗದ ಪಂಪುಮನೆಗಳು ಈ ಕಾಲುವೆಗೆ ನೀರು ಬಿಡುವುದು ನಿಲ್ಲುತ್ತದೆ, ಮುಳುಗುಗಾರರೂ ಬರುತ್ತಾರೆ. ಹೇಳಿದರೆ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ರೇಡಿಯೊ ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಬಿದಿರಿನಿಂದ ತಿವಿದಳು. ಬಿದಿರು ಮುರಿಯಿತು. ಇನ್ನೊಂದು ತಂದಳು. ನಡುವೆ ಕಾಲುವೆಯ ನೀರಿನ ಅಳತೆಗೋಲು ನೋಡಿ ಬಂದಳು, ಮತ್ತೆ ತಿವಿದಳು. ಇನ್ನೈದು ನಿಮಿಷ, ಇನ್ನೈದು ನಿಮಿಷ ಎಂದುಕೊಳ್ಳುತ್ತ ಇಪ್ಪತ್ತು ನಿಮಿಷ ಕಳೆದೇಹೋಯಿತು.

"ಅಕ್ಕಾ! ಬಚ್ಚಲ ತೂತಿನಿಂದ ನೀರು ಉಕ್ತಾ ಇದೆ! ಅಮ್ಮನ ಕೋಣೆ ತುಂಬ್ತಿದೆ!" ಎಂದು ವಿಪಾ ದಡದಿಂದ ಕಿರುಚಿದಳು.

ಚಂಪೀ ರೇಡಿಯೊ ಒತ್ತಿ ಕಚೇರಿಯ ತವೀ ಸಾಹೇಬರನ್ನು ಕರೆದಳು. "ಸಾಹೇಬ್ರೇ, ಮೇಲಿನ ಪಂಪುಗಳನ್ನ ನಿಲ್ಸಿ. ನಮ್ಮ ಕಾಲುವೆಗೆ ಒಂದು ಹನಿನೂ ಬಿಡ್ಬೇಡಿ."

"ಯಾಕೆ? ನಿನ್ನ ಮೂರೂ ಓಡ್ತಿವೆಯಲ್ಲ?"

"ತೂಬು ಮುಚ್ಚಿಲ್ಲ. ನಿನ್ನೆ ಸಂಜೆ ನಾನೇ ಎತ್ತಿದ್ದೆ."

ಮುಳುಗುಗಾರರು ತೊಲೆ ಎಳೆದು ಹಾಕುವ ಹೊತ್ತಿಗೆ ಒಂಬತ್ತಾಗಿತ್ತು. ವಿಪಾಳ ತಾಯಿ ಪುವಾಂಗ್ ಅಜ್ಜಿಯನ್ನು ಓಣಿಯವರು ನೂಡಲ್ಸ್ ಅಂಗಡಿಯ ಎರಡು ಮೇಜು ಕೂಡಿಸಿ ಅದರ ಮೇಲೆ ಮಲಗಿಸಿದ್ದರು. ಕೆಳಗೆ ಮೊಣಕಾಲುದ್ದ ಕಪ್ಪು ನೀರು, ಅದರ ನಾತ ಹೇಳತೀರದು. ಅಜ್ಜಿಯ ಬಟ್ಟೆಯಿಂದ ಆ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬದುಕಿದ್ದಳು, ಆದರೆ ಕೆಮ್ಮು ನಿಲ್ಲುತ್ತಿರಲಿಲ್ಲ.

ತವೀ ಸಾಹೇಬರು ಕಾಗದ ಹಿಡಿದು ಚಂಪೀಯ ಹಿಂದೆಯೇ ಅಂಗಡಿಗೆ ಬಂದರು. "ಯಾರು ಎತ್ತು ಅಂದಿದ್ದು?"

ವಿಪಾ ತಾಯಿಯ ಕಾಲು ಒರೆಸುತ್ತ ತಲೆ ತಗ್ಗಿಸಿದಳು. ಚಂಪೀಗೆ ಮೈಯೆಲ್ಲ ಉರಿಯಿತು. ಆದರೂ, "ಯಾರೂ ಅಂದಿಲ್ಲ. ಚಕ್ರ ತಿರುಗ್ಸಿದ್ದು ನನ್ನ ಕೈ," ಎಂದಳು.

ಸಾಹೇಬರು ಅವಳನ್ನು ಬಾಗಿಲಿನಾಚೆ ಕರೆದು ದನಿ ತಗ್ಗಿಸಿದರು. "ನೋಡು ಚಂಪೀ, ಏಳು ಇಪ್ಪತ್ತಕ್ಕೆ ನಿನಗೆ ಗೊತ್ತಾಯ್ತು, ಗೊತ್ತಾದ ತಕ್ಷಣ ನೀನು ಹೇಳಿದೆ. ಹಾಗಂತ ಬರ್ಕೋತೀನಿ. ಕೆಲಸ ಹೋದ್ರೂ ಪಿಂಚಣಿ ಉಳಿಯುತ್ತೆ."

ಒಳಗಿನಿಂದ ಅಜ್ಜಿಯ ಕೆಮ್ಮು ಮತ್ತೆ ಕೇಳಿಸಿತು.

"ಏಳಕ್ಕೆ ಅಂತ ಬರೀರಿ ಸಾಹೇಬ್ರೇ," ಎಂದಳು ಚಂಪೀ. "ಇಪ್ಪತ್ತು ನಿಮಿಷ ಗೊತ್ತಿದ್ದೂ ಸುಮ್ನಿದ್ದೆ."